ನನ್ನ ಸ್ವಿಂಗಿನಲ್ಲಿದ್ದ ಸಾಹೇಬರ ಮೊಣಕಾಲು

ಮೇಷ್ಟ್ರು ತೀರಿಕೊಂಡ ಮೇಲೆ ಕ್ಲಬ್ಬಿನ ಹುಲ್ಲುಹಾಸಿನ ಮೇಲೆ ಒಂದು ಸಂತಾಪ ಸಭೆ ಇಟ್ಟುಕೊಂಡಿದ್ದರು. ಕುರ್ಚಿಯ ಮೇಲೆ ಫೋಟೋ, ಫೋಟೋಗೆ ಸೇವಂತಿಗೆ ಹಾರ, ಪಕ್ಕದಲ್ಲಿ ಅವರ ಹಳೆಯ ಗಾಲ್ಫ್ ಕೋಲನ್ನು (ಅದಕ್ಕೂ ಕ್ಲಬ್ಬು ಎಂದೇ ಹೆಸರು) ಒರಗಿಸಿದ್ದರು. ಕಮಿಟಿಯ ಹಿರಿಯರೊಬ್ಬರು ಮೈಕು ಹಿಡಿದು ಇಂಗ್ಲಿಷಿನಲ್ಲಿ ಒಂದಷ್ಟು ಹೊಗಳಿ, ಆಮೇಲೆ ನಮ್ಮಂಥವರಿಗೂ ಅರ್ಥವಾಗಲಿ ಎಂದು ಕನ್ನಡಕ್ಕೆ ಬಂದರು. 'ಅವರು ಹುಟ್ಟು ಗಾಲ್ಫರ್. ಕ್ಲಬ್ ಬೀಸೋ ಆ ಸ್ವಿಂಗ್ ಕಲಿತು ಬರೋದಲ್ಲ, ದೇವರೇ ಕೊಡಬೇಕು' ಎಂದರು. ಎಲ್ಲರೂ ತಲೆಯಾಡಿಸಿದರು.

ನಾನು ಎದ್ದು ನಿಂತೆ. ಯಾರೂ ಕರೆದಿರಲಿಲ್ಲ. 'ಅದು ಹೊಗಳಿಕೆ ಅಲ್ಲ ಸಾರ್. ಮೇಷ್ಟ್ರು ಕೇಳಿಸ್ಕೊಂಡಿದ್ರೆ ನಿಮ್ಮನ್ನ ಸುಮ್ನೆ ಬಿಡ್ತಿರ್ಲಿಲ್ಲ' ಎಂದೆ. ಅವರು ಕರುಣೆಯಿಂದ ನನ್ನನ್ನು ನೋಡಿ, 'ಪಾಪ, ತುಂಬಾ ಹಚ್ಕೊಂಡಿದ್ರು' ಎಂದು ಮೈಕಿನಲ್ಲೇ ಹೇಳಿ ಮುಂದಕ್ಕೆ ಹೋದರು. ದುಃಖದಲ್ಲಿ ಏನೋ ಅಂದಳು ಎಂದುಕೊಂಡಿರಬೇಕು. ದುಃಖವಿತ್ತು, ನಿಜ. ಆದರೆ ನಾನು ಎದ್ದದ್ದು ಸಿಟ್ಟಿನಿಂದ. ಅಷ್ಟರಲ್ಲಿ ಟೀ ಬಂತು, ಸಭೆ ಕರಗಿತು. ಅಲ್ಲಿ ಮುಗಿಸಲು ಬಿಡದ ಮಾತನ್ನು ಇಲ್ಲಿ ಮುಗಿಸುತ್ತೇನೆ.

ಮೇಷ್ಟ್ರು ಯಾವ ಶಾಲೆಯ ಮೇಷ್ಟ್ರೂ ಅಲ್ಲ. ದೇವನಹಳ್ಳಿಯಿಂದ ದೊಡ್ಡಬಳ್ಳಾಪುರಕ್ಕೆ ಹೋಗುವ ದಿಕ್ಕಿನಲ್ಲಿರುವ ಒಂದು ಗಾಲ್ಫ್ ಮೈದಾನದಲ್ಲಿ ಅವರು ಕೋಚ್. ಹೊಸಬರು ಸಾಲಾಗಿ ನಿಂತು ಚೆಂಡು ಹೊಡೆದು ಕಲಿಯುವ ಜಾಗಕ್ಕೆ ರೇಂಜ್ ಅನ್ನುತ್ತಾರೆ. ಅದು ಅವರ ರಾಜ್ಯ. ಬ್ಯಾಗು ಹೊರುವ ನಾವು ಕ್ಯಾಡಿಗಳು ಮೊದಮೊದಲು ಅವರನ್ನು 'ಸಾರ್' ಅನ್ನುತ್ತಿದ್ದೆವು. 'ಸಾರ್‌ಗಳು ಇಲ್ಲಿ ಬೇಕಾದಷ್ಟವ್ರೆ, ಅವರ ಮಧ್ಯೆ ನನ್ನ ಕಳ್ದು ಹಾಕ್ಬೇಡ್ರಿ' ಅಂದರು. ಅವತ್ತಿನಿಂದ ಮೇಷ್ಟ್ರಾದರು.

ಅವರದು ದೊಡ್ಡಬಳ್ಳಾಪುರದ ನೇಕಾರರ ಮನೆ. ಮಗ್ಗದ ಸದ್ದಿನಲ್ಲಿ ಬೆಳೆದದ್ದಕ್ಕೋ ಏನೋ, ಮೆಲ್ಲಗೆ ಮಾತಾಡಲು ಅವರಿಗೆ ಬರುತ್ತಲೇ ಇರಲಿಲ್ಲ. ಗುಟ್ಟು ಹೇಳಿದರೂ ಮೈದಾನದ ಆಚೆ ದಡಕ್ಕೆ ಕೇಳುತ್ತಿತ್ತು. ಷರಟಿನ ಮೇಲೆ ಸೊಂಟಕ್ಕೆ ಅಗಲವಾದ ಬೆಲ್ಟು, ಚಳಿಗಾಲದಲ್ಲಿ ಕಿವಿ ಮುಚ್ಚುವ ಮಂಕಿ ಟೋಪಿ. ಯಾರ ಮುಖವನ್ನೂ ನೋಡುತ್ತಿರಲಿಲ್ಲ, ಕಾಲನ್ನೇ ನೋಡುತ್ತಿದ್ದರು. ಒಮ್ಮೆ ದೊಡ್ಡ ಸಿನಿಮಾ ನಟನೊಬ್ಬ ಬಂದು ಹೋದ. ಎಲ್ಲರೂ ಫೋಟೋ ತೆಗೆಸಿಕೊಂಡರು. 'ಯಾರು ಬಂದಿದ್ದು ಮೇಷ್ಟ್ರೇ' ಎಂದು ನಾನು ಬೇಕೆಂದೇ ಕೇಳಿದರೆ, 'ಅದೇ ಕಣಮ್ಮ, ಹಿಮ್ಮಡಿ ಊರ್ದೇ ಹೊಡೀತಾನಲ್ಲ, ಅವ್ನು' ಎಂದರು.

ಅವರ ಬಾಯಲ್ಲಿ ಶಹಬ್ಬಾಸ್ ಎಂಬ ಮಾತು ಕೇಳಿದವರಿಲ್ಲ. ತುಂಬ ಚೆನ್ನಾಗಿ ಹೊಡೆದರೆ 'ಹ್ಞೂ, ಇರ್ಲಿ' ಅನ್ನುತ್ತಿದ್ದರು. ಅದರ ಮೇಲೆ ಬಿರುದಿಲ್ಲ.

ಕಲಿಯುವವರ ಕಾಲು ಅಲ್ಲಾಡದಂತೆ ಮಾಡಲು ಅವರ ಬಳಿ ಒಂದು ಉಪಾಯವಿತ್ತು. ದೇವನಹಳ್ಳಿಯಲ್ಲಿ ಅವರ ಗೆಳೆಯರೊಬ್ಬರ ತೋಟದಲ್ಲಿ ಚಕ್ಕೋತದ ಮರಗಳಿದ್ದವು. ಹಣ್ಣು ಬಿಡುವ ಕಾಲಕ್ಕೆ ಒಂದು ಚೀಲ ಚಕ್ಕೋತ ತಂದು, ನಿಂತವರ ಎರಡು ಮೊಣಕಾಲಿನ ನಡುವೆ ಒಂದೊಂದು ಸಿಗಿಸುತ್ತಿದ್ದರು. ಚೆಂಡು ಹೊಡೆದ ಮೇಲೂ ಹಣ್ಣು ಬೀಳಬಾರದು. ಬಿದ್ದರೆ ಮತ್ತೆ ಮೊದಲಿನಿಂದ. ಪಾಠ ಮುಗಿದ ಮೇಲೆ ಅದೇ ಹಣ್ಣನ್ನು ಸುಲಿದು, ತೊಳೆ ಬಿಡಿಸಿ, ಉಪ್ಪು ಖಾರದ ಪುಡಿ ಹಚ್ಚಿ ಎಲ್ಲರಿಗೂ ಹಂಚುತ್ತಿದ್ದರು. ಸದಸ್ಯೆಯೊಬ್ಬರು, 'ಇದಕ್ಕೇ ಅಂತ ಫೋಮ್ ಬಾಲ್ ಸಿಗುತ್ತೆ, ತರಿಸಿಕೊಡ್ಲಾ?' ಎಂದು ಕೇಳಿದರು. 'ಅದನ್ನ ತಿನ್ನಕ್ಕಾಗಲ್ಲ ಮೇಡಂ' ಎಂದರು ಮೇಷ್ಟ್ರು.

ಇನ್ನು ನನ್ನ ವಿಷಯ. ನಮ್ಮೂರು ನಂದಗುಡಿ ಕಡೆ. ಕ್ಲಬ್ಬಿನ ವ್ಯಾನು ಬೆಳಗಿನ ಜಾವ ಸೂಲಿಬೆಲೆ ಮೇಲೆ ಬಂದು ನಮ್ಮ ಕಡೆಯ ಹೆಂಗಸರನ್ನೆಲ್ಲ ತುಂಬಿಕೊಂಡು ಹೋಗುತ್ತಿತ್ತು. ಕ್ಯಾಡಿ ಕೆಲಸದಲ್ಲಿ ಭಾರ ದೊಡ್ಡದಲ್ಲ. ನೀರಿನ ಕೊಡ ಹೊತ್ತ ಹೆಗಲಿಗೆ ಬ್ಯಾಗು ಯಾವ ಲೆಕ್ಕ. ಕಷ್ಟ ಇರುವುದು ಬಾಯಿ ಮುಚ್ಚಿಕೊಂಡಿರುವುದರಲ್ಲಿ. ಸಾಹೇಬರು ಚೆಂಡಿನ ಮುಂದೆ ನಿಂತಾಗ ಕ್ಯಾಡಿ ಅವರ ಎದುರಿಗೆ ಸ್ವಲ್ಪ ದೂರದಲ್ಲಿ ಕಲ್ಲಿನ ಹಾಗೆ ನಿಲ್ಲಬೇಕು. ಕೆಮ್ಮಬಾರದು. ಕೇಳಿದರೆ ಮಾತ್ರ ಹೇಳಬೇಕು. ನನಗೋ ಕಂಡದ್ದನ್ನು ಹೇಳದಿದ್ದರೆ ಅನ್ನ ಇಳಿಯುವುದಿಲ್ಲ. ಅಂಥವಳು ವರ್ಷಗಟ್ಟಲೆ ಒಬ್ಬರೇ ಸಾಹೇಬರ ಎದುರು ಹೀಗೆ ನಿಂತಿದ್ದೆ. ವಿಮಾನದ ಕಂಪನಿಯಲ್ಲಿ ದೊಡ್ಡ ಕೆಲಸದಲ್ಲಿದ್ದು ನಿವೃತ್ತರಾದ ಹಿರಿಯರು, ಒಳ್ಳೆಯ ಮನುಷ್ಯ. ಅವರ ಎಡ ಮೊಣಕಾಲು ಮಾತ್ರ ಕೆಟ್ಟಿತ್ತು.

ಸೋಮವಾರ ಮೈದಾನಕ್ಕೆ ರಜೆ. ಅವತ್ತು ಕ್ಯಾಡಿಗಳು ಆಡಬಹುದಿತ್ತು. ಸ್ಟೋರಿನಲ್ಲಿ ಎಡಗೈಯವರಿಗೆಂದು ಮಾಡಿದ ಒಂದು ಹಳೇ ಕ್ಲಬ್ಬು ಬಿದ್ದಿತ್ತು. ಯಾರಿಗೂ ಬೇಡವಾದದ್ದರಿಂದ ನನಗೆ ಸಿಕ್ಕಿತು. ಹಿಡಿದು ನಿಂತೆ, ಬೀಸಿದೆ, ಚೆಂಡು ಹೋಯಿತು. ಹೇಗೆ ಹೋಯಿತು ಅಂದರೆ, ಜೊತೆಗಿದ್ದವರು ಕಡ್ಲೆಕಾಯಿ ತಿನ್ನುವುದನ್ನು ನಿಲ್ಲಿಸಿದರು. ಸುದ್ದಿ ಸದಸ್ಯರ ತನಕ ಮುಟ್ಟಿತು. ಅವರು ಬಂದು ನೋಡಿ, 'ನ್ಯಾಚುರಲ್, ನ್ಯಾಚುರಲ್' ಎಂದರು. ಹೊಡೆದ ಮೇಲೆ ಮುಂದಿನ ಕಾಲನ್ನು ನಾನು ಚಕ್ಕನೆ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದೆನಂತೆ. ಅದನ್ನು ನೋಡಿ ನನ್ನ 'ಸ್ಟೈಲು' ಎಂದರು. ಒಬ್ಬರಂತೂ ಇದೆಲ್ಲ ರಾಗಿ ಬಡಿದು ಬಡಿದು ಬಂದ ಕೈ ಎಂದು ಎಲ್ಲರಿಗೂ ವಿವರಿಸಿದರು. ನಮ್ಮ ಕಡೆ ರಾಗಿ ತೆನೆಯನ್ನು ರಸ್ತೆಗೆ ಹರಡುತ್ತೇವೆ, ಬಸ್ಸು ಲಾರಿಗಳು ಬಡಿದುಕೊಡುತ್ತವೆ. ನಾನು ಕೋಲು ಹಿಡಿದವಳೇ ಅಲ್ಲ. ಆದರೇನು, ನನಗೂ ಆ ಮಾತು ಸಿಹಿಯಾಗಿತ್ತು.

ಮೇಷ್ಟ್ರಿಗೆ ಸಿಹಿಯಾಗಲಿಲ್ಲ.

'ಊಟ ಯಾವ ಕೈಲಿ ಮಾಡ್ತೀಯಮ್ಮ?'

'ಬಲಗೈಲಿ ಮೇಷ್ಟ್ರೇ.'

'ಕುಡ್ಲು ಹಿಡ್ಯೋದು?'

'ಅದೂ ಬಲಗೈಲೇ.'

'ಮತ್ತೆ ಇದ್ಯಾಕೆ ಎಡಗೈ?'

'ಅದು ಹಂಗೇ ಬಂತು ಮೇಷ್ಟ್ರೇ. ಹುಟ್ಟಿನಿಂದ್ಲೇ ಇರ್ಬೇಕು.'

'ತೊಟ್ಲಲ್ಲಿ ನಿಮ್ಮಪ್ಪ ಕ್ಲಬ್ ಮಡಗಿದ್ನಾ?'

ಆ ವರ್ಷವೇ ಕ್ಲಬ್ಬಿನವರು ರೇಂಜಿಗೆ ಒಬ್ಬ ಸಹಾಯಕ ಕೋಚ್ ಬೇಕೆಂದರು. ಕ್ಯಾಡಿಗಳೂ ಅರ್ಜಿ ಹಾಕಬಹುದಿತ್ತು. ಕಮಿಟಿಯ ಎದುರು ಚೆಂಡು ಹೊಡೆದು ತೋರಿಸಬೇಕು, ಆಮೇಲೆ ಕ್ಲಬ್ಬು ಮುಟ್ಟದ ಹೊಸಬರೊಬ್ಬರಿಗೆ ಕಲಿಸಿ ತೋರಿಸಬೇಕು. ನನಗೆ ಆ ಕೆಲಸ ಬೇಕಾಗಿತ್ತು. ಸಂಬಳ ಹೆಚ್ಚು ಎಂಬುದಕ್ಕಿಂತ ಅಲ್ಲಿ ಬಾಯಿ ಬಿಡಬಹುದು ಎಂಬುದಕ್ಕೆ. ನಾನು ಹೇಳುವುದನ್ನು ಎದುರಿಗಿರುವವರು ಕೇಳಬೇಕಾದ ಕೆಲಸ ನಮ್ಮ ಮನೆತನದ ಹೆಂಗಸರಲ್ಲಿ ಯಾರಿಗೂ ಸಿಕ್ಕಿರಲಿಲ್ಲ.

ಮೇಷ್ಟ್ರು ನನಗೆ ಕಲಿಸಲು ಹೊರಟಿದ್ದಾರೆ ಎಂದು ತಿಳಿದು, ನನ್ನ ಸ್ಟೈಲು ಮೆಚ್ಚಿದ್ದ ಕಮಿಟಿಯವರೊಬ್ಬರು ರೇಂಜಿಗೇ ಬಂದರು. 'ಕಲಿಸೋಕೆ ಹೋಗಬೇಡಿ, ಅವಳು ಕೆಟ್ಟು ಹೋಗ್ತಾಳೆ. ಅವಳದ್ದು ನ್ಯಾಚುರಲ್, ಹಾಗೇ ಬಿಡಿ' ಎಂದರು.

'ನಿಮ್ಮ ಮಗನ್ನ ದಿನಾ ನನ್ನತ್ರ ಕಳಿಸ್ತೀರಲ್ಲ ಸಾರ್, ಅವ್ನು ಕೆಡಲ್ವಾ?' ಎಂದರು ಮೇಷ್ಟ್ರು.

ಅವರು ನಕ್ಕು ಹೋದರು. ಮೇಷ್ಟ್ರು ನಗಲಿಲ್ಲ. ನನ್ನ ಕಡೆ ತಿರುಗಿ, ಅವರ ಲೆಕ್ಕದಲ್ಲಿ ಮೆಲ್ಲಗೆ, ಅಂದರೆ ಹೋಗುತ್ತಿದ್ದವರಿಗೂ ಕೇಳಿಸುವಂತೆ ಹೇಳಿದರು: 'ಬಡವರ ಮಕ್ಳಿಗೆ ಮಾತ್ರ ಹುಟ್ಟಿನಿಂದ ಬರ್ತದೆ ಕಣಮ್ಮ. ಇವರ ಮಕ್ಳಿಗೆ ಕೋಚ್ ಬೇಕು. ಹುಟ್ಟಿನಿಂದ ಬಂದದ್ದು ಅಂತ ಯಾರಾದ್ರೂ ಅಂದ್ರೆ, ನಿಂಗೆ ಕಲ್ಸಕ್ಕೆ ಅವ್ರಿಗೆ ಇಷ್ಟ ಇಲ್ಲ ಅಂತ ಅರ್ಥ.'

ಈ ಸಿಟ್ಟು ಎಲ್ಲಿಂದ ಬಂದದ್ದೆಂದು ಒಂದು ಸೋಮವಾರ ಹೊಂಗೆ ಮರದ ಕೆಳಗೆ ಕೂತು ಹೇಳಿದರು. ಚಿಕ್ಕ ವಯಸ್ಸಿನಲ್ಲಿ ಬೆಂಗಳೂರಿನಲ್ಲಿ ಅವರೂ ಕ್ಯಾಡಿಯಾಗಿದ್ದರು. ಆಗ ಅವರ ಹೊಡೆತ ನೋಡಲು ಸಾಹೇಬರುಗಳು ಆಟ ನಿಲ್ಲಿಸಿ ಬರುತ್ತಿದ್ದರಂತೆ. ದೇವರು ಕೊಟ್ಟದ್ದು, ಯಾರೂ ತಿದ್ದಬೇಡಿ ಎಂದು ಅವರಿಗೂ ಹೇಳಿದರು. ಯಾರೂ ತಿದ್ದಲಿಲ್ಲ. ಸೊಂಟವನ್ನು ತಿರುಚಿ ಎಸೆದು ಹೊಡೆಯುವ ಆ ಚಂದದ ಹೊಡೆತ ಕೆಲವೇ ವರ್ಷದಲ್ಲಿ ಬೆನ್ನನ್ನು ತಿಂದು ಹಾಕಿತು. ದೊಡ್ಡ ಪಂದ್ಯಗಳಿಗೆ ಹೋಗಬೇಕಾದ ವಯಸ್ಸಿನಲ್ಲಿ ಅವರು ದೊಡ್ಡಬಳ್ಳಾಪುರದ ಮನೆಯಲ್ಲಿ ಮಗ್ಗದ ಪಕ್ಕ ಚಾಪೆ ಮೇಲೆ ಮಲಗಿದ್ದರು.

'ಮಲಗಿ ಮಲಗಿ ನಮ್ಮಪ್ಪ ನೇಯೋದು ನೋಡ್ದೆ. ಲಾಳಿ ತಾನಾಗೇ ಓಡ್ತದೆ ಅನ್ನಿಸ್ತದೆ ನೋಡೋರಿಗೆ. ನಮ್ಮಪ್ಪನ್ನ ಕೇಳ್ದೆ, ತಾನಾಗೇ ಓಡ್ತದಾ ಅಂತ. ಮುಚ್ಕೊಂಡ್ ಮಲಗ್ಲಾ ಅಂದ.'

ಎದ್ದ ಮೇಲೆ ಬೆಲ್ಟು ಕಟ್ಟಿಕೊಂಡು ಎಲ್ಲವನ್ನೂ ಮೊದಲಿನಿಂದ ಕಲಿತರು. ಸಿಕ್ಕ ಸಿಕ್ಕವರನ್ನು ಕೇಳಿ, ಬೈಸಿಕೊಂಡು, ಕಾಲು ಎಲ್ಲಿ, ಭುಜ ಎಲ್ಲಿ, ಯಾಕೆ ಎಂದು ಒಂದೊಂದೇ ಜೋಡಿಸಿಕೊಂಡರು. ನಾವು ಕಂಡ ಸ್ವಿಂಗು ಅದು. ಸಭೆಯಲ್ಲಿ ದೇವರ ಲೆಕ್ಕಕ್ಕೆ ಬರೆದದ್ದೂ ಅದನ್ನೇ. ಒಬ್ಬ ಮನುಷ್ಯ ಬೆನ್ನು ಮುರಿದುಕೊಂಡು ಕಟ್ಟಿದ ಮನೆಯನ್ನು ತೋರಿಸಿ, ಇದು ಇಲ್ಲೇ ಹುಟ್ಟಿದ ಗುಡ್ಡ ಎಂದರೆ ಹೇಗಿರುತ್ತದೆ? ನನಗೆ ಸಿಟ್ಟು ಬಂದದ್ದು ತಪ್ಪೇ?

ನನ್ನ ಮೊಣಕಾಲಿನ ಕಥೆಗೆ ಬರುತ್ತೇನೆ. ಒಂದು ಬೆಳಿಗ್ಗೆ ನನ್ನ ಸಾಹೇಬರು ರೇಂಜಿಗೆ ಬಂದಿದ್ದರು. ಮೇಷ್ಟ್ರು ಅವರನ್ನು ಒಂದು ಕಡೆ ನಿಲ್ಲಿಸಿ, ಅವರೆದುರಿಗೆ ನನ್ನನ್ನು ನಿಲ್ಲಿಸಿ, ಇಬ್ಬರೂ ಒಟ್ಟಿಗೆ ಹೊಡೆಯಿರಿ ಎಂದರು. ಹೊಡೆದೆವು. ಸಾಹೇಬರ ಚೆಂಡು ಹೋದ ಕಡೆಗೇ ನನ್ನದೂ ಹೋಯಿತು. ಹೊಡೆದ ಮೇಲೆ ಅವರು ನೋವಿನ ಎಡಗಾಲನ್ನು ಚಕ್ಕನೆ ಹಿಂದಕ್ಕೆ ಎಳೆದುಕೊಂಡರು. ಅವರೆದುರು ಅದೇ ಗಳಿಗೆಯಲ್ಲಿ ನನ್ನ ಬಲಗಾಲೂ ಚಕ್ಕನೆ ಹಿಂದಕ್ಕೆ ಬಂತು. ಸುತ್ತ ನಿಂತವರೆಲ್ಲ ಗೊಳ್ಳೆಂದು ನಕ್ಕರು.

'ಇದು ಹುಟ್ಟಿನಿಂದ ಬಂದದ್ದಲ್ಲಮ್ಮ. ವರ್ಷಗಟ್ಲೆ ಇವರ ಎದುರು ನಿಂತು ನೋಡಿದೀಯ, ಕನ್ನಡೀಲಿ ನೋಡ್ದಂಗೆ ಕಲ್ತಿದೀಯ. ಅವರ ಬಲ ನಿಂಗೆ ಎಡ ಆಗಿದೆ. ಅವರ ಮೊಣಕಾಲ್ನೂ ಬಿಟ್ಟಿಲ್ಲ ನೀನು' ಎಂದರು ಮೇಷ್ಟ್ರು.

ಸಾಹೇಬರು, 'ಕಾಲು ತಗೊಂಡಿದ್ದೀಯಲ್ಲಮ್ಮ, ನೋವನ್ನೂ ತಗೊಂಡು ಹೋಗಿಬಿಡು' ಎಂದು ನಕ್ಕರು. ನಾನೂ ನಕ್ಕೆ, ಆದರೆ ಒಳಗೆ ಉರಿಯಿತು. ಇಡೀ ಮೈದಾನದಲ್ಲಿ ನನ್ನದು ಎಂದು ಇದ್ದದ್ದು ಆ ಸ್ವಿಂಗ್ ಒಂದೇ. ಅದೂ ಇನ್ನೊಬ್ಬರ ಮೊಣಕಾಲು ನೋವೆಂದು ಗೊತ್ತಾದರೆ ಯಾರಿಗಾದರೂ ಉರಿಯುತ್ತದೆ.

ಮೇಷ್ಟ್ರ ತೀರ್ಪು ಸರಳವಾಗಿತ್ತು. ಎಲ್ಲ ಬಿಡು, ಬಲಗೈಗೆ ಬಾ, ಮೊದಲಿನಿಂದ ಕಲಿ. ಪ್ರಯತ್ನ ಮಾಡಿದೆ. ಚೆಂಡುಗಳು ಬೇಲಿ ಹಾರಿ ಪಕ್ಕದ ಅವರೆ ಹೊಲಕ್ಕೆ ಬಿದ್ದವು. ಹೊಲದವರು ಬೈದರು, ಜೊತೆಯವರು ಆಡಿಕೊಂಡರು, ಪರೀಕ್ಷೆ ಹತ್ತಿರ ಬಂತು. ಒಂದು ಸೋಮವಾರ ಕ್ಲಬ್ಬನ್ನು ನೆಲಕ್ಕೆ ಹಾಕಿ ಹೇಳಿಬಿಟ್ಟೆ.

'ಮೇಷ್ಟ್ರೇ, ಸಾಹೇಬರ ಮೊಣಕಾಲು ಬಿಡ್ತೀನಿ. ಎಡಗೈ ಬಿಡಲ್ಲ.'

'ಯಾಕೆ?'

'ಅದು ನಂದು ಅನ್ನಿಸ್ತದೆ.'

'ಅನ್ನಿಸ್ತದೆ ಅನ್ನೋದು ಕಾರಣ ಅಲ್ಲ. ನಾಳೆ ಹೊಸಬ್ರು ಬಂದು ಎಲ್ರೂ ಬಲಗೈ, ನೀವ್ಯಾಕೆ ಎಡಗೈ ಅಂದ್ರೆ ಏನಂತೀಯ? ಅನ್ನಿಸ್ತು ಅಂತೀಯಾ? ಕಾರಣ ತಗೊಂಡ್ ಬಾ.'

'ತರ್ತೀನಿ' ಎಂದೆ. ಎಲ್ಲಿಂದ ತರುವುದೋ ಗೊತ್ತಿರಲಿಲ್ಲ. ಅವರು ಮಾತು ಬಿಟ್ಟರು. ಎದುರಿಗೆ ಸಿಕ್ಕರೆ ನನ್ನ ಬೂಟು ನೋಡಿ ದಾರಿ ಬದಲಿಸುತ್ತಿದ್ದರು. ನಾನೂ ಸೋಲಲಿಲ್ಲ. ದಿನಾ ಕೆಲಸ ಮುಗಿಸಿ, ಮೊಣಕಾಲಿಗೆ ಚಕ್ಕೋತ ಸಿಗಿಸಿಕೊಂಡು ಎಡಗೈಯಲ್ಲೇ ಹೊಡೆದೆ. ಹಣ್ಣು ಬೀಳುತ್ತಿತ್ತು, ಮತ್ತೆ ಇಡುತ್ತಿದ್ದೆ. ಹಣ್ಣಿನ ಚೀಲ ಮಾತ್ರ ನಾನು ಬರುವ ಹೊತ್ತಿಗೆ ತಪ್ಪದೆ ಅಲ್ಲಿರುತ್ತಿತ್ತು. ಯಾರು ಇಟ್ಟು ಹೋಗುತ್ತಿದ್ದರೆಂದು ನಾನು ಕೇಳಲಿಲ್ಲ.

ಕಾರಣ ಸಿಕ್ಕಿದ್ದು ಸೂಲಿಬೆಲೆಯಿಂದ ಹೊಸದಾಗಿ ಸೇರಿದ್ದ ಕ್ಯಾಡಿಯೊಬ್ಬಳಿಂದ. ಅವಳಿಗೂ ಒಮ್ಮೆ ಹೊಡೆದು ನೋಡುವ ಆಸೆ. ಬಲಗೈಯವರು ಎದುರು ನಿಂತು ತೋರಿಸಿದರೆ ಎಲ್ಲ ತಿರುಗುಮುರುಗು; ಪಕ್ಕದಲ್ಲಿ ನಿಂತರೆ ಅವಳು ಚೆಂಡು ನೋಡುವುದೋ, ಕತ್ತು ಹೊರಳಿಸಿ ಅವರನ್ನು ನೋಡುವುದೋ. ನಾನು ಎದುರು ನಿಂತು ನಿಧಾನವಾಗಿ ಕೈ ಎತ್ತಿದೆ. ಕನ್ನಡಿಯಲ್ಲಿ ಕಂಡ ಹಾಗೆ ಅವಳ ಬಲಗೈ ನನ್ನ ಎಡಗೈಯ ಜೊತೆ ಮೇಲೆ ಹೋಯಿತು, ಜೊತೆಯಲ್ಲೇ ಇಳಿಯಿತು. ಚೆಂಡು ಹೋಯಿತು. 'ನಿನ್ ನೋಡಿದ್ರೆ ತಲೆ ತಿರುಗಿಸ್ಕೊಳ್ಳೋದೇ ಬೇಡ ಕಣಕ್ಕ' ಅಂದಳು.

ಓಡಿದೆ. ಮೇಷ್ಟ್ರು ಕಡ್ಲೆಕಾಯಿ ತಿನ್ನುತ್ತ ಕೂತಿದ್ದರು.

'ಮೇಷ್ಟ್ರೇ, ಕಲಿಯೋರಲ್ಲಿ ಹೆಚ್ಚಿನೋರು ಬಲಗೈಯೋರು. ಎಡಗೈಯೋಳು ಎದುರು ನಿಂತ್ರೆ ಅವರಿಗೆ ಕನ್ನಡಿ. ನಾನು ತಪ್ಪಾಗಿ ಕಲ್ತಿದ್ದು ನೋಡಿ, ಅದೇ ದಾರೀಲಿ ಅವ್ರು ಸರಿಯಾಗಿ ಕಲೀತಾರೆ. ಇದೇ ನನ್ ಕಾರಣ.'

ಅವರು ಸಿಪ್ಪೆ ಕೊಡವಿಕೊಂಡು ಎದ್ದರು. ಒಂದು ಕ್ಲಬ್ಬು ತೆಗೆದುಕೊಂಡು ನನ್ನ ಎದುರು ನಿಂತು, 'ನಂಗೆ ಏನೂ ಬರಲ್ಲ ಅನ್ಕೋ. ಕಲ್ಸು' ಎಂದರು. ಅಷ್ಟು ವರ್ಷ ಎಲ್ಲರ ಕಾಲು ನೋಡಿದವರ ಕಾಲನ್ನು ಅವತ್ತು ನಾನು ನೋಡಿದೆ. 'ಹಿಮ್ಮಡಿ ನೆಲಕ್ಕೆ ಊರಿ. ಬೆನ್ನಿಗೆ ಜೋರು ಬೇಡ. ನನ್ ಜೊತೇಲೇ ಬನ್ನಿ' ಎಂದೆ. ಬಂದರು. ಚೆಂಡು ಸಣ್ಣಗೆ ಎದ್ದು ನೆಟ್ಟಗೆ ಹೋಯಿತು. ನನ್ನ ಮುಂದಿನ ಕಾಲು ಇದ್ದಲ್ಲೇ ಇತ್ತು.

'ಹ್ಞೂ, ಇರ್ಲಿ' ಎಂದರು. ನನ್ನ ಎಡಗೈ ತೋರಿಸಿ, 'ಈಗ ಅದು ನಿಂದು' ಎಂದರು. ನಾನು ಕಣ್ಣೊರೆಸಿಕೊಳ್ಳಲು ಸ್ಟೋರಿನ ಹಿಂದಕ್ಕೆ ಹೋದೆ.

ಪರೀಕ್ಷೆಯ ದಿನ ಕಮಿಟಿಯವರು ನನಗೆ ಕೊಟ್ಟ ಹೊಸಬರು ಯಾರೋ ಸದಸ್ಯರ ಅತ್ತೆ. ರೇಷ್ಮೆ ಸೀರೆ, ಕಾಲಿಗೆ ಅಳಿಯನ ಬೂಟು. ತಿಂಡಿಗೆಂದು ಬಂದವರನ್ನು ಹಿಡಿದು ತಂದಿದ್ದರು. 'ಎಡಗೈಯವಳು ಹೇಗೆ ಕಲಿಸ್ತಾಳೆ?' ಎಂದು, ನನ್ನ ಸ್ಟೈಲು ಮೆಚ್ಚಿದ್ದ ಅದೇ ಕಮಿಟಿಯವರು ಪಕ್ಕದವರನ್ನು ಕೇಳಿದ್ದು ನನಗೂ ಕೇಳಿಸಿತು. ಕೇಳಿಸಲಿ ಎಂದೇ ಕೇಳಿದ್ದು. ನಾನು ಅವರ ಕಡೆ ತಿರುಗಲೂ ಇಲ್ಲ. 'ಅಮ್ಮ, ಕನ್ನಡಿ ಮುಂದೆ ತಲೆ ಬಾಚ್ಕೊಳ್ತೀರಲ್ಲ, ಹಂಗೆ ನನ್ನ ನೋಡ್ಕೊಂಡು ಮಾಡಿ' ಎಂದೆ. ಆಕೆ ಸೆರಗು ಸಿಕ್ಕಿಸಿ ನಿಂತರು. ಮೊದಲು ಹುಲ್ಲು ಹೊಡೆದರು, ಆಮೇಲೆ ಗಾಳಿ ಹೊಡೆದರು, ಆಮೇಲೆ ಚೆಂಡು. ಅದು ಎದ್ದು ಹೋದದ್ದನ್ನು ನೋಡಿ ಆಕೆ ತಿಂಡಿಯನ್ನೇ ಮರೆತು, ಇನ್ನೊಂದು ಇಡಮ್ಮ ಎಂದರು. ದೂರದಲ್ಲಿ ಮೇಷ್ಟ್ರು ನಮಗೆ ಬೆನ್ನು ಹಾಕಿ ನಿಂತು ಬೆಲ್ಟು ಬಿಗಿ ಮಾಡಿಕೊಳ್ಳುತ್ತಿದ್ದರು.

ಕೆಲಸ ಸಿಕ್ಕಿತು. ಕಮಿಟಿಯವರು ಕೈ ಕುಲುಕಿ ಏನೆಂದರು ಗೊತ್ತೆ? 'ನೀವು ನ್ಯಾಚುರಲ್ ಟೀಚರ್.' ಮೇಷ್ಟ್ರು ಅಲ್ಲೇ ಜೋರಾಗಿ ಸೀನಿದರು. ಅದು ಸೀನಲ್ಲವೆಂದು ನನಗೊಬ್ಬಳಿಗೆ ಗೊತ್ತಿತ್ತು.

ಅಂಥವರು ಈಗ ಇಲ್ಲ. ಹೃದಯ ನಿಂತಿತಂತೆ, ಬೆನ್ನು ಅಲ್ಲ. ಅಷ್ಟರ ಮಟ್ಟಿಗೆ ಅವರು ಗೆದ್ದರು.

ಸಭೆ ಮುಗಿದ ಮೇಲೆ ಟೀ ಕುಡಿಯುವ ಮನಸ್ಸಾಗದೆ ರೇಂಜಿಗೆ ಹೋದೆ. ಹಿಂದೆಯೇ ನನ್ನ ಹಳೆಯ ಸಾಹೇಬರು ಬಂದರು. ಹೋದ ವರ್ಷ ಮೊಣಕಾಲಿಗೆ ಆಪರೇಷನ್ ಆಗಿದೆ, ಈಗ ನೋವಿಲ್ಲ. ಡಾಕ್ಟರು ಆಡಬಹುದು ಎಂದಿದ್ದಾರೆ. ಕೋಟಿನಲ್ಲೇ ನಿಂತು ಒಂದು ಚೆಂಡು ಹೊಡೆದರು. ಹೊಡೆದ ಕೂಡಲೇ ಎಡಗಾಲು ಚಕ್ಕನೆ ಹಿಂದಕ್ಕೆ ಬಂತು.

'ಇನ್ನೂ ನೋವಿದೆಯಾ ಸಾರ್?'

'ಇಲ್ಲಮ್ಮ. ಆದರೂ ಕಾಲು ಬರುತ್ತೆ. ಬಿಡು, ಇಷ್ಟು ವರ್ಷ ಆಯ್ತು, ಇದೇ ನನ್ನ ನ್ಯಾಚುರಲ್.'

ಮೂಲೆಯಲ್ಲಿ ಮೇಷ್ಟ್ರ ಚೀಲ ಇತ್ತು. ಕೊನೆಯ ಸಲ ತಂದಿಟ್ಟ ಚಕ್ಕೋತಗಳು, ಸಿಪ್ಪೆ ಸ್ವಲ್ಪ ಸುಕ್ಕಾಗಿತ್ತು. ಒಂದನ್ನು ತೆಗೆದು ಅವರ ಮೊಣಕಾಲಿನ ನಡುವೆ ಸಿಗಿಸಿದೆ. ಎಡಗೈ ಕ್ಲಬ್ಬು ಹಿಡಿದು, ಒಂದು ಕಾಲದಲ್ಲಿ ಬ್ಯಾಗು ಹೊತ್ತು ಬಾಯಿ ಮುಚ್ಚಿ ನಿಲ್ಲುತ್ತಿದ್ದ ಹಾಗೆಯೇ ಅವರೆದುರಿಗೆ ಬಂದು ನಿಂತೆ.

'ನ್ಯಾಚುರಲ್ ಅನ್ನೋದು ಕಾರಣ ಅಲ್ಲ ಸಾರ್' ಎಂದೆ. 'ಅವತ್ತು ನಿಮ್ಮನ್ನ ನೋಡ್ಕೊಂಡು ನಾನು ಕಲ್ತೆ. ಈಗ ನನ್ನ ನೋಡ್ಕೊಂಡು ಹೊಡೀರಿ. ಹಣ್ಣು ಬಿದ್ರೆ ಬೀಳ್ಲಿ, ಮತ್ತೆ ಇಡ್ತೀನಿ.'